ಅಟ್ಟದಿಂದಿಳಿದ ನೋಟುಬುಕ್ಕು

ಜಗಳೂರಿನ ಶಾಲೆಗೆ ಒಂದೇ ಟ್ರಂಕಿನೊಡನೆ ಹೋದವನು ನಾನು. ಕೊನೆಯ ವರ್ಗಾವಣೆಯಲ್ಲಿ ಹೊನ್ನಾಳಿಗೆ ಬರುವಾಗ ಲಾರಿಯೇ ಬೇಕಾಯಿತು. ಕಳೆದ ವಾರ ಅಟ್ಟವನ್ನು ಖಾಲಿ ಮಾಡಿದೆವು. ಮುರಿದ ಕುರ್ಚಿ, ಹಳೆಯ ಪ್ರಶ್ನೆಪತ್ರಿಕೆ, ಸನ್ಮಾನದ ಫಲಕಗಳೆಲ್ಲ ಗುಜರಿಗೆ ಹೋದವು. ಮಕ್ಕಳಿಗಾಗಿ ಭೌತವಿಜ್ಞಾನದ ಸುಲಭ ಪ್ರಯೋಗಗಳ ಪುಸ್ತಕವೊಂದನ್ನು ಬರೆಯಬೇಕೆಂದು ಚನ್ನಗಿರಿಯಲ್ಲಿ ಆರಂಭಿಸಿ, ನ್ಯಾಮತಿಯಲ್ಲಿ ನಿಂತುಹೋದ ನೋಟುಬುಕ್ಕನ್ನು ಮಡದಿ ಎತ್ತಿದಾಗ ಮಾತ್ರ ಕೈ ಅಡ್ಡ ಹಿಡಿದೆ.

ಡಾ. ಎಚ್. ನರಸಿಂಹಯ್ಯನವರು (1920–2005) ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆದರೂ ಬಾಳಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ಅವರಿಗೆ ಸಾಮಾನು ಕಡಿಮೆಯಿತ್ತು, ಕನಸು ದೊಡ್ಡದಿತ್ತು. ನಾನೋ, ಸಾಮಾನನ್ನು ಕೆಳಗಿಟ್ಟುಕೊಂಡು ಕನಸನ್ನು ಅಟ್ಟಕ್ಕೇರಿಸಿದ್ದೆ.

ಈಗ ಮೇಜಿನ ಮೇಲೆ ಆ ನೋಟುಬುಕ್ಕೊಂದೇ ಇದೆ. ನಿನ್ನೆ ಮೂರನೆಯ ಅಧ್ಯಾಯವನ್ನು ಮುಂದುವರಿಸಿದೆ.