ಎರಡು ಮಗ್ಗ, ಒಂದು ರಾಟೆ

ಭಿಶಿ ಹಣ ಕೈಗೆ ಬಂದರೆ ಹೆಂಗಸರು ಬಂಗಾರದಂಗಡಿಯ ದಾರಿ ಹಿಡಿಯುತ್ತಾರೆ. ನಾನು ಅದನ್ನು ಮಗನ ಕೈಯಲ್ಲಿಟ್ಟು ಕಂಪ್ಯೂಟರಿಗೆ ಇನ್ನೊಂದು ಗ್ರಾಫಿಕ್ಸ್ ಕಾರ್ಡು ತರಿಸಿದೆ. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ಉದ್ಯೋಗ. ಕಿತ್ತೂರು, ಸವದತ್ತಿ ಕಡೆಯ ಮದುವೆಗಳ ವಿಡಿಯೋ ತಿದ್ದುವುದು, ಇನ್ನೂ ಕಟ್ಟದ ಮನೆಗಳನ್ನು ಚಿತ್ರದಲ್ಲಿ ಕಟ್ಟಿ ತೋರಿಸುವುದು. "ಒಂದು ಕಾರ್ಡಿಗೆ ರಾತ್ರಿಯೆಲ್ಲ ಹಿಡಿತೈತಿ. ಎರಡಾದ್ರ ಅರ್ಧ ರಾತ್ರಿ ಸಾಕವ್ವಾ" ಎಂದಿದ್ದ.

ಕಾರ್ಡು ಬಂತು. ಮದುವೆಯ ವಿಡಿಯೋ ಹಚ್ಚಿದ. ಬೆಳಗಾದರೂ ಮುಗಿಯಲಿಲ್ಲ. "ನಿನ್ನ ಭಿಶಿ ನೀರಾಗ ಹೋತು" ಎಂದು ನಮ್ಮನೆಯವರು ಚಹಾ ಕುಡಿಯುತ್ತ ಅಂದರು. ಮಗ ತಲೆ ಎತ್ತಲಿಲ್ಲ. ಹೋದ ದುಡ್ಡಿಗಿಂತ ಅವನ ಮುಖ ನೋಡಿಯೇ ನನಗೆ ಸಂಕಟವಾಯಿತು.

ಎರಡು ದಿನ ಬಿಟ್ಟು ಪೆಟ್ಟಿಗೆಯ ಮುಚ್ಚಳ ತೆಗೆದು ನನಗೆ ತೋರಿಸಿದ. ಕಾರ್ಡು ಕೂಡಿಸುವ ಸ್ಲಾಟುಗಳು ಎರಡು. ಉದ್ದದಲ್ಲಿ ಅಕ್ಕತಂಗಿಯರ ಹಾಗೆ ಒಂದೇ ಸಮ. ಆದರೆ ಮಾಹಿತಿ ಓಡಾಡಲು ಮೊದಲನೆಯದಕ್ಕೆ 16 ಹಾದಿ, ಎರಡನೆಯದಕ್ಕೆ ನಾಲ್ಕೇ. ಅವನದು 2010ರಲ್ಲಿ ಗೊತ್ತಾದ ಪಿಸಿಐ ಎಕ್ಸ್‌ಪ್ರೆಸ್ 3.0 ಎಂಬ ಪದ್ಧತಿಯದು. ಅದರಲ್ಲಿ 16 ಹಾದಿಗಳ ಮೇಲೆ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗಿದರೆ, ನಾಲ್ಕರ ಮೇಲೆ ಸುಮಾರು 4 ಮಾತ್ರ. ವಿಡಿಯೋದ ಒಂದೊಂದು ಚಿತ್ರವೂ ಕಾರ್ಡಿಗೆ ಹೋಗಬೇಕು, ಬಣ್ಣ ತಿದ್ದಿಸಿಕೊಂಡು ಮರಳಬೇಕು. ಹಾದಿ ಇಕ್ಕಟ್ಟಾಗಿ, ಎರಡನೆಯ ಕಾರ್ಡು ಕೆಲಸದ ದಾರಿ ಕಾಯುತ್ತ ಕೂತಿತ್ತು.

ಅವನು ಹೇಳುತ್ತಿದ್ದಂತೆ ನನಗೆ ರಾಮದುರ್ಗದ ತವರುಮನೆ ಕಣ್ಣಿಗೆ ಕಟ್ಟಿತು. ಅಪ್ಪ, ಕಾಕಾ ಎರಡು ಮಗ್ಗಗಳಿಗೆ ಕೂಡುತ್ತಿದ್ದರು. ಇಬ್ಬರಿಗೂ ಕಂಡಿಕೆ ಸುತ್ತಿಕೊಡುವವಳು ಅವ್ವ ಒಬ್ಬಳೇ. ದಪ್ಪ ನೂಲಿದ್ದರೆ ಕಂಡಿಕೆ ಬೇಗ ತೀರುತ್ತಿತ್ತು. "ಕಂಡಿಕಿ ಎಲ್ಲಿ?" ಎಂಬ ಕೂಗು. ಒಂದು ಮಗ್ಗ ನಿಂತೇ ಬಿಡುತ್ತಿತ್ತು. ಸಣ್ಣ ನೂಲಿನ ಕಂಡಿಕೆ ಬಹಳ ಹೊತ್ತು ಬಾಳುತ್ತಿತ್ತು. ಆಗ ಎರಡೂ ಮಗ್ಗ ಓಡುತ್ತಿದ್ದವು.

"ಒಮ್ಮೆ ಕೊಟ್ರ ಬಹಳ ಹೊತ್ತು ನೇಯೋ ಕೆಲಸ ನಿನ್ನ ಹತ್ರ ಇಲ್ಲೇನೋ?" ಎಂದೆ. ಅವನು ಥಟ್ಟನೆ ನನ್ನ ಮುಖ ನೋಡಿದ. ಇತ್ತು, ಮನೆಗಳ ಚಿತ್ರ! ಮನೆಯ ವಿವರವೆಲ್ಲ ಒಮ್ಮೆ ಕಾರ್ಡಿನೊಳಗೆ ಸೇರಿದರೆ ಆಮೇಲೆ ಬೆಳಕು-ನೆರಳಿನ ಲೆಕ್ಕ ಅಲ್ಲೇ ಒಳಗೇ ನಡೆಯುತ್ತದೆ. ಅಂದು ರಾತ್ರಿ ಅದನ್ನೇ ಹಚ್ಚಿದ. ಹೆಚ್ಚುಕಡಿಮೆ ಅರ್ಧ ವೇಳೆಯಲ್ಲಿ ಮುಗಿಯಿತು. ಆದರೂ ಎರಡು ಕಾರ್ಡುಗಳ 8-8 ಗಿಗಾಬೈಟ್ ಮೆಮರಿ ಕೂಡಿ 16 ಆಗುವುದಿಲ್ಲವಂತೆ. ಇಡೀ ಮನೆ ಎರಡರಲ್ಲೂ ಬೇರೆ ಬೇರೆಯಾಗಿ ಹಿಡಿಸಬೇಕು. ಹೌದಲ್ಲ, ಪ್ರತಿ ಮಗ್ಗಕ್ಕೂ ಅದರದೇ ಹಾಸು ಬೇಕು!

ನಮ್ಮನೆಯವರು ಈಗ ಭಿಶಿಯ ಮಾತು ಎತ್ತುವುದಿಲ್ಲ. ನನಗೆ ಮಾತ್ರ ಅವ್ವನದೇ ನೆನಪು. ಸೀರೆ ಎಣಿಸಿ ಮಗ್ಗಕ್ಕೆ ಕೂಲಿ ಬರುತ್ತಿತ್ತು. ಮಗ್ಗ ನಿಂತಾಗಿನ ಬೈಗುಳ ರಾಟೆಯ ಪಾಲಿಗೆ. ನಾಲ್ಕು ಕಾಸು ಕೂಡಿದಾಗಲೆಲ್ಲ ಮನೆಯಲ್ಲಿ ಮೂರನೆಯ ಮಗ್ಗದ ಮಾತು ಬರುತ್ತಿತ್ತು. ಇನ್ನೊಂದು ರಾಟೆ ತರೋಣ ಎಂದು ಯಾರೂ ಅನ್ನಲಿಲ್ಲ.