ಕಿಲುಬು ಕೆರೆಯುವ ಸುಖ

ಹಳೆಯ ಪಿನ್‌ಬಾಲ್ ಯಂತ್ರ ಕೈಗೆ ಬಂದರೆ ಪಳಗಿದ ರಿಪೇರಿಗಾರ ಅವಸರದಲ್ಲಿ ಪ್ಲಗ್ ಚುಚ್ಚುವುದಿಲ್ಲ. ಮೊದಲು ಮೇಲಿನ ಪೆಟ್ಟಿಗೆಯ ಬೀಗ ತೆಗೆದು, ಟಾರ್ಚ್ ಬಿಟ್ಟು ಬ್ಯಾಟರಿ ಹುಡುಕುತ್ತಾನೆ.

ಅಮೆರಿಕದ ಬ್ಯಾಲಿ ಕಂಪನಿ 1977ರಲ್ಲಿ ತಂದ ‘ಎಯ್ಟ್ ಬಾಲ್’ ಯಂತ್ರವನ್ನೇ ನೋಡಿ. 20 ಸಾವಿರಕ್ಕೂ ಹೆಚ್ಚು ತಯಾರಾದವು. ಮುಖ್ಯ ಬೋರ್ಡಿನ ಮೇಲೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಕರೆಂಟ್ ಹೋದರೂ ಗರಿಷ್ಠ ಸ್ಕೋರು, ನಾಣ್ಯದ ಲೆಕ್ಕ ಅಳಿಸಿಹೋಗಬಾರದಲ್ಲ! ಅಷ್ಟನ್ನೂ ನೆನಪಿಡುವ 5101 ಎಂಬ ಚಿಪ್ಪಿನಲ್ಲಿ ಇದ್ದದ್ದು ಬರೀ 1024 ಬಿಟ್ ಜಾಗ. ಇಷ್ಟು ಸಣ್ಣ ಕೆಲಸಕ್ಕೆ ಇಟ್ಟ ಬ್ಯಾಟರಿ ವಯಸ್ಸಾದ ಮೇಲೆ ಸೋರಿ ಇಡೀ ಬೋರ್ಡನ್ನೇ ತಿನ್ನುತ್ತದೆ. ಅದರೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಉಗ್ರ ಕ್ಷಾರ. ಪಕ್ಕದಲ್ಲೇ ಇರುವ ರಿಸೆಟ್ ಸರ್ಕಿಟ್ ಮೊದಲು ಬಲಿಯಾಗುತ್ತದೆ. ಆಮೇಲೆ ಯಂತ್ರ ಶುರುವೇ ಆಗುವುದಿಲ್ಲ.

ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲಿಯೇ. ಬ್ಯಾಟರಿ ಕತ್ತರಿಸಿ ತೆಗೆದು, ಹಸಿರುಗಟ್ಟಿದ ಜಾಗಕ್ಕೆ ಹತ್ತಿಯಲ್ಲಿ ವಿನೆಗರ್ ಸವರಿದರೆ ಬಿಳಿ ಪುಡಿ ಸಣ್ಣಗೆ ನೊರೆಯೇಳುತ್ತದೆ. ಕ್ಷಾರದ ಸೊಕ್ಕು ಮುರಿಯಬೇಕಾದರೆ ಆಮ್ಲವೇ ಬೇಕು. ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೇವ ಓಡಿಸಿ, ಮೆಲ್ಲಗೆ ಕೆರೆಯಬೇಕು. ಹುಣಸೆಹಣ್ಣಿನಿಂದ ತಿಕ್ಕಿದ ಚೊಂಬಿನಂತೆ ತಾಮ್ರದ ಗೆರೆ ಕೆಂಪಗೆ ಹೊಳೆಯುವವರೆಗೂ ಬಿಡಬಾರದು. ಕಿಲುಬು ಒಂದಿಷ್ಟು ಉಳಿದರೂ ಬೆಸುಗೆ ಹಿಡಿಯುವುದಿಲ್ಲ, ಗುಂಡಗಾಗಿ ಜಾರಿಹೋಗುತ್ತದೆ. ತುಂಡಾದ ಗೆರೆಗೆ ಕೂದಲೆಳೆಯ ತಂತಿ ಬೆಸೆದು, ಎರಡು ತುದಿಗೆ ಮಲ್ಟಿಮೀಟರ್ ಮುಟ್ಟಿಸಿದಾಗ ‘ಕುಂಯ್’ ಎಂದರೆ ಅದಕ್ಕಿಂತ ಇಂಪಾದ ಸದ್ದಿಲ್ಲ.

ಮತ್ತೆ ಅಂಥದೇ ಬ್ಯಾಟರಿ ಹಾಕುವುದು ಅನ್ಯಾಯ. ಬ್ಯಾಟರಿಯೇ ಬೇಡದ ಮೆಮೊರಿ ಚಿಪ್ಪು 5101ರ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಲಿಥಿಯಂ ಬಿಲ್ಲೆಯೇ ಬೇಕೆಂದರೆ ನಡುವೆ ಡಯೋಡ್ ಇರಲೇಬೇಕು. ಇಲ್ಲದಿದ್ದರೆ ಹಳೆಯ ಬೋರ್ಡು ಅದನ್ನೂ ಚಾರ್ಜ್ ಮಾಡಲು ಹೊರಡುತ್ತದೆ.

ಆದರೆ ಜಪಾನಿನ ಕ್ಯಾಪ್ಕಾಮ್ ಕಂಪನಿಯ ಕೆಲವು ವಿಡಿಯೊ ಗೇಮ್ ಬೋರ್ಡುಗಳಲ್ಲಿ ಬ್ಯಾಟರಿ ಕಿತ್ತರೆ ಆಟವೇ ಹೋಗುತ್ತದೆ. 1993ರಲ್ಲಿ ‘ಸೂಪರ್ ಸ್ಟ್ರೀಟ್ ಫೈಟರ್ 2’ ಜೊತೆ ಬಂದ ಸಿಪಿಎಸ್-2 ಎಂಬ ಬೋರ್ಡಿನಲ್ಲಿ ಆಟದ ಗೂಢಲಿಪಿ ಬಿಡಿಸುವ ಕೀಲಿ ಬ್ಯಾಟರಿಯ ಬಲದಿಂದಲೇ ಬದುಕಿರುತ್ತದೆ. ನಕಲು ತಡೆಯಲು ಮಾಡಿದ ಈ ಉಪಾಯದಿಂದ ಕಾಸು ಕೊಟ್ಟು ಕೊಂಡವರ ಬೋರ್ಡುಗಳೂ ಸತ್ತವು. ಹವ್ಯಾಸಿಗಳು ಇದಕ್ಕಿಟ್ಟ ಹೆಸರು ‘ಆತ್ಮಹತ್ಯೆ ಬ್ಯಾಟರಿ’. ಬಹುಕಾಲ ಇದಕ್ಕಿದ್ದ ದಾರಿ ಒಂದೇ: ಗೂಢಲಿಪಿ ಬಿಡಿಸಿದ ಪ್ರತಿಯನ್ನು ಬೇರೆ ಚಿಪ್ಪುಗಳಿಗೆ ಬರೆದು ಹಾಕುವುದು. ಆಟ ನಡೆಯುತ್ತಿತ್ತು, ಆದರೆ ಮೂಲ ಚಿಪ್ಪುಗಳು ಹೊರಬೀಳುತ್ತಿದ್ದವು. ಆಂಡ್ರಿಯಾಸ್ ನೈವ್ ಮತ್ತು ನಿಕೊಲಾ ಸಾಲ್ಮೊರಿಯಾ 2007ರಲ್ಲಿ ಆ ಗೂಢಲಿಪಿಯನ್ನೇ ಭೇದಿಸಿದರು. 2016ರಲ್ಲಿ ಎಡ್ವಾರ್ಡೊ ಕ್ರೂಜ್ ಮತ್ತು ಸಂಗಡಿಗರು ಸತ್ತ ಬೋರ್ಡಿಗೆ ಕೀಲಿಯನ್ನು ಮರಳಿ ತುಂಬುವ ವಿಧಾನ ತೋರಿಸಿಕೊಟ್ಟರು. ಆನ್ ಮಾಡಿದಾಗಲೆಲ್ಲ ಕೀಲಿ ತುಂಬುವ ಪುಟ್ಟ ಬೋರ್ಡುಗಳೂ ಈಗ ಸಿಗುತ್ತವೆ; ಕಾರ್ಖಾನೆಯಲ್ಲಿ ಕೂರಿಸಿದ ಚಿಪ್ಪುಗಳನ್ನು ಅಲುಗಿಸದೆ ಬೋರ್ಡನ್ನು ಬದುಕಿಸಬಹುದು.