ಬಸವೇಶ್ವರನಗರದಿಂದ ಬೆಲ್ಲಿಸೇರಿಯಾಕ್ಕೆ

ಕಾಲ ಕೆಳಗೆ ಮರದ ಹಲಗೆ, ಹಲಗೆಯ ಕೆಳಗೆ ನೀರು. ಎದುರಿಗೆ ಸಾಲು ದೋಣಿಮನೆಗಳು. ಮೊದಲು ಎಲ್ಲಕ್ಕೂ ಬೂದು ಬಣ್ಣವೇ. ಆಮೇಲೆ ನೆಲಕ್ಕೆ ಬಣ್ಣ ಬರುತ್ತದೆ, ಗೋಡೆಗೆ ಬರುತ್ತದೆ, ಕಿಟಕಿಯ ಗಾಜು ಹೊಳೆಯುತ್ತದೆ, ಕಡೆಗೆ ನಮ್ಮದೇ ಮುಖ ಮೂಡುತ್ತದೆ. ಕಾಣುವ ಪ್ರತಿಯೊಂದು ಚಿತ್ರವೂ ದೂರದ ಸರ್ವರಿನಿಂದ ಇಳಿದು ಬರಬೇಕು. "ತಡಿ ಚಿಕ್ಕಮ್ಮ, ಇನ್ನೂ ಲೋಡ್ ಆಗ್ತಿದೆ" ಅನ್ನುತ್ತಾಳೆ ಅಕ್ಕನ ಮಗಳು ಪುಟ್ಟಿ, ಮೌಸ್ ಮೇಲಿನ ಕೈ ತೆಗೆಯದೆ.

ನಾವು ನಿಂತಿರುವುದು ಬೆಲ್ಲಿಸೇರಿಯಾದಲ್ಲಿ. ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಜಗತ್ತಿನಲ್ಲಿ 2019ರ ಏಪ್ರಿಲ್‌ನಲ್ಲಿ ತೆರೆದುಕೊಂಡ ಭೂಖಂಡ ಇದು. ಕೂತಿರುವುದು ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ಲಿಗೆ ನಡೆದೇ ಹೋಗಬಹುದಾದ ಅಡ್ಡರಸ್ತೆಯ ಎರಡನೇ ಮಹಡಿಯಲ್ಲಿ. ಮೇ ತಿಂಗಳ ರಾತ್ರಿ ಎಂಟೂವರೆ. ಪಕ್ಕದ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು ಓಡುತ್ತಿದೆ; ಮದುವೆ ಸೀಸನ್, ನಾಳೆ ಬೆಳಿಗ್ಗೆ ಕೊಡಬೇಕಾದ ಬ್ಲೌಸುಗಳಿವೆ. ಪರದೆಯ ಮೇಲಿನ ಗಡಿಯಾರ ಮಾತ್ರ ಬೆಳಿಗ್ಗೆ ಎಂಟು ತೋರಿಸುತ್ತಿದೆ. ಆ ಜಗತ್ತು ಅಮೆರಿಕದ ಪಶ್ಚಿಮ ಕರಾವಳಿಯ ಗಂಟೆಯನ್ನು ಅನುಸರಿಸುತ್ತದೆ, ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿಯ ಸೂರ್ಯನಿಗೆ ಬೇರೆಯೇ ಲೆಕ್ಕ: ನಾಲ್ಕು ಗಂಟೆಗೆ ಒಂದು ದಿನ, ಅದರಲ್ಲಿ ಮೂರು ಗಂಟೆ ಹಗಲು, ಒಂದು ಗಂಟೆ ಇರುಳು.

ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ 2003ರ ಜೂನ್ 23ರಂದು ಈ ಜಗತ್ತನ್ನು ಎಲ್ಲರಿಗೂ ತೆರೆಯಿತು. ಅದರ ಹಿಂದಿದ್ದವರು ಫಿಲಿಪ್ ರೋಸ್‌ಡೇಲ್. ಇಲ್ಲಿ ಕೊಲ್ಲಬೇಕಾದ ಶತ್ರು ಇಲ್ಲ, ಗೆಲ್ಲಬೇಕಾದ ಅಂಕ ಇಲ್ಲ. ಇರುವುದು ನೆಲ, ನೀರು, ಆಕಾಶ. ಅದರ ಮೇಲೆ ನೀವು ಕಾಣುವ ಬಹುಪಾಲನ್ನು ಇಲ್ಲಿಗೆ ಬಂದ ಜನರೇ ಮಾಡಿದ್ದಾರೆ. ಪುಟ್ಟಿ ದಂಡೆಯ ಮೇಲಿನ ಒಂದು ಕುರ್ಚಿಯನ್ನು ರೈಟ್ ಕ್ಲಿಕ್ ಮಾಡುತ್ತಾಳೆ. ಸಣ್ಣ ಕಿಟಕಿಯೊಂದು ತೆರೆದು ಎರಡು ಹೆಸರು ತೋರಿಸುತ್ತದೆ: ಮಾಡಿದವರು ಯಾರು, ಈಗ ಇಟ್ಟುಕೊಂಡವರು ಯಾರು. ದೀಪದ ಕಂಬಕ್ಕೂ ಹಾಗೆಯೇ, ಹೂಕುಂಡಕ್ಕೂ ಹಾಗೆಯೇ. ವಸ್ತು ಹತ್ತು ಕೈ ದಾಟಿ ಹೋದರೂ ಮಾಡಿದವರ ಹೆಸರು ಅಳಿಸುವುದಿಲ್ಲ. ಇಷ್ಟು ಜನರ ಹೆಸರಿರುವ ಈ ಜಗತ್ತಿನಲ್ಲಿ ನಮ್ಮವರ ಹೆಸರುಗಳೂ ಇರಬೇಕು ಅನ್ನುವ ಆಸೆಯಿಂದಲೇ ನಾನು ಪುಟ್ಟಿಯ ಪಕ್ಕ ಕುರ್ಚಿ ಎಳೆದುಕೊಂಡಿರುವುದು.

ಅವಳು ಹೋಮ್ ಕೀ ಒತ್ತುತ್ತಾಳೆ. ಕಾಲು ನೆಲ ಬಿಡುತ್ತದೆ. ದೋಣಿಮನೆಗಳು ಸಣ್ಣದಾಗಿ, ಕಾಲುವೆಗಳೆಲ್ಲ ಗೆರೆಗಳಾಗಿ, ಆಚೆ ಹಸಿರು ಗುಡ್ಡ ಕಾಣುತ್ತದೆ. ಈ ನೆಲವನ್ನು ಚೌಕಗಳಲ್ಲಿ ಹಂಚಿದ್ದಾರೆ. ಒಂದೊಂದು ಚೌಕವೂ 256 ಮೀಟರ್ ಉದ್ದ, ಅಷ್ಟೇ ಅಗಲ; ಹದಿನಾರು ಎಕರೆಗೆ ಸ್ವಲ್ಪ ಹೆಚ್ಚು. ರಾಜಾಜಿನಗರ, ವಿಜಯನಗರದ ನಾವು ಜಾಗ ಅಳೆಯುವುದು ಮೂವತ್ತು–ನಲವತ್ತರಲ್ಲಿ ತಾನೇ? ಹಾಗೆ ಲೆಕ್ಕ ಹಾಕಿದರೆ, ರಸ್ತೆಗೆ ಬಿಡದೆ, ಒಂದು ಚೌಕದಲ್ಲಿ 580ಕ್ಕೂ ಹೆಚ್ಚು ಸೈಟು. ಹಣ ಕಟ್ಟಿ ಪ್ರೀಮಿಯಂ ಸದಸ್ಯರಾದವರಿಗೆ ಬೆಲ್ಲಿಸೇರಿಯಾದಲ್ಲಿ 1024 ಚದರ ಮೀಟರಿನ ಜಾಗದಲ್ಲಿ ಮನೆ ಸಿಗುತ್ತದೆ, ಅಂದರೆ ನಮ್ಮ ಒಂಬತ್ತು ಸೈಟು ಸೇರಿಸಿದಷ್ಟು. ಪುಟ್ಟಿಯದು ಉಚಿತ ಖಾತೆ. ಅವಳಿಗೆ ಸ್ವಂತ ನೆಲವಿಲ್ಲ. ಆದರೆ ತಿರುಗಾಡಲು, ಹಾರಲು, ಸಾರ್ವಜನಿಕ ಮರಳಂಗಳದಲ್ಲಿ ಕಟ್ಟಿ ಕಲಿಯಲು ಯಾರ ಅಡ್ಡಿಯೂ ಇಲ್ಲ.

"ನಿಂಗೊಂದು ಜಾಗ ತೋರಿಸ್ತೀನಿ" ಎಂದು ನಕ್ಷೆಯಲ್ಲಿ ಹುಡುಕುತ್ತಾಳೆ. ಪರದೆ ಕಪ್ಪಾಗಿ, ಗಾಳಿ ಬೀಸಿದ ಸದ್ದಾಗಿ, ನಾವು ಸ್ವರ್ಗ ಎಂಬ ದ್ವೀಪಕ್ಕೆ ಬಂದು ನಿಲ್ಲುತ್ತೇವೆ. ಲೌಕೋಸಾರ್ಗಾಸ್ ಸ್ವಾರೋಗ್ ಎಂಬ ಹೆಸರಿನ ನಿವಾಸಿಯೊಬ್ಬರು ಇದನ್ನು ರೂಪಿಸಿದ್ದು, 2006ರಲ್ಲೇ ಇದು ಹೆಸರಾಗಿತ್ತು. ಇಲ್ಲಿಯ ಗಿಡ, ದುಂಬಿ, ಮೋಡಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ಬರೆದದ್ದೇ ಇದರ ಹೆಚ್ಚುಗಾರಿಕೆ. ಮೋಡ ಮಳೆ ಸುರಿಸಬೇಕು, ದುಂಬಿ ಪರಾಗ ಸಾಗಿಸಬೇಕು, ಆಗ ಗಿಡ ಬೀಜ ಬಿಡಬೇಕು. ಎಲೆಗಳ ನಡುವೆ ನಡೆಯುವಾಗ ಪುಟ್ಟಿ ದನಿ ತಗ್ಗಿಸುತ್ತಾಳೆ. "ಇಷ್ಟನ್ನೂ ಒಬ್ಬರೇ ಮಾಡಿದ್ದು ಚಿಕ್ಕಮ್ಮ." ಅವಳ ಕಣ್ಣು ಗಿಡಗಳನ್ನು ನೋಡುತ್ತಿಲ್ಲ, ಗಿಡಗಳನ್ನು ಹೇಗೆ ಬರೆದಿರಬಹುದೆಂದು ನೋಡುತ್ತಿದೆ.

ಅಷ್ಟರಲ್ಲಿ ಮಿಷನ್ನಿನ ಸದ್ದು ನಿಲ್ಲುತ್ತದೆ. ಕೊರಳಿಗೆ ಟೇಪು ಹಾಕಿಕೊಂಡೇ ಅಕ್ಕ ಬಂದು ಬಾಗಿಲಿಗೆ ಒರಗುತ್ತಾಳೆ. ಪರದೆಯ ಮೇಲಿನ ಹುಡುಗಿಗೆ, ಅಂದರೆ ಪುಟ್ಟಿಯ ಅವತಾರಕ್ಕೆ, ಜೀನ್ಸು, ಶರ್ಟು. "ಇವಳಿಗೆ ಸೀರೆ ಉಡ್ಸಕ್ಕಾಗಲ್ವೇನೇ?"

ಆಗುತ್ತದೆ. ಈ ಜಗತ್ತಿನಲ್ಲಿ ಮನೆಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಉಡುಪಿಗೆ. ದೇಹವನ್ನೇ ಬೇರೆ ಬೇರೆ ತಯಾರಕರಿಂದ ಕೊಳ್ಳಬಹುದು; ಮೈತ್ರೇಯ ಲಾರಾ, ಲೆಗಸಿ ಎಂಬ ಹೆಸರುಗಳು ಇಲ್ಲಿ ಎಲ್ಲರ ಬಾಯಲ್ಲಿ. ಒಂದು ದೇಹಕ್ಕೆ ಹೊಲಿದ ಬಟ್ಟೆ ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ಅಂಗಡಿಗಳು ಮೊದಲು ಡೆಮೊ ಕೊಡುತ್ತವೆ. ತೊಟ್ಟು ನೋಡಿ, ಕೂತರೆ ಕೊಳ್ಳಬೇಕು. ಪುಟ್ಟಿ ಸೀರೆಯ ಡೆಮೊ ಒಂದನ್ನು ತೊಡಿಸುತ್ತಾಳೆ. ಅಕ್ಕ ಕನ್ನಡಕ ಏರಿಸಿ ಹತ್ತಿರ ಬರುತ್ತಾಳೆ.

"ನೆರಿಗೆ ಬಲಕ್ಕೆ ತಿರುಗಿದೆ. ಎಡಕ್ಕೆ ಮುಖ ಮಾಡ್ಬೇಕು. ಸೆರಗು ನೋಡು, ಹಲಗೆ ಥರ ನಿಂತಿದೆ. ನಡಿ ನೋಡೋಣ."

ಪುಟ್ಟಿ ನಡೆಸುತ್ತಾಳೆ. ಮಂಡಿ ಮುಂದೆ ಬಂದಾಗ ನೆರಿಗೆಯೆಲ್ಲ ಆ ಕಾಲಿಗೆ ಅಂಟಿಕೊಂಡು ಎಳೆಯುತ್ತದೆ. ಇಂಥ ಉಡುಪಿನಲ್ಲಿ ಬಟ್ಟೆಯ ಭಾರ, ಗಾಳಿ, ಜಾರುವಿಕೆ ಯಾವುದನ್ನೂ ಈ ಜಗತ್ತು ಲೆಕ್ಕ ಹಾಕುವುದಿಲ್ಲ. 2011ರಿಂದ ಇಲ್ಲಿ ಮೆಶ್ ಬಂದಿದೆ: ಹೊರಗೆ, ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಉಡುಪಿನ ಆಕಾರ ಮಾಡಿ, ಅದರ ಪ್ರತಿ ಚುಕ್ಕಿಯೂ ದೇಹದ ಯಾವ ಮೂಳೆಯ ಜೊತೆ ಎಷ್ಟು ಚಲಿಸಬೇಕೆಂದು ಗುರುತು ಹಾಕಿ ಒಳಗೆ ತರಬೇಕು. ಪ್ಯಾಂಟಿಗೆ ಇದು ಸಲೀಸು. ಸೀರೆಯ ನೆರಿಗೆ ಎರಡು ಕಾಲಿನ ನಡುವೆ ಇಳಿಯುತ್ತದೆ. ಅದು ಯಾವ ಕಾಲಿನ ಮಾತು ಕೇಳಬೇಕು? ಕೊಡಗಿನವರ ಹಾಗೆ ನೆರಿಗೆ ಹಿಂದಕ್ಕೆ ಹೋದರೆ ಲೆಕ್ಕವೇ ಬೇರೆ. ಇದನ್ನು ತೀರ್ಮಾನಿಸಬೇಕಾದರೆ ದಿನವೂ ಸೀರೆ ಉಟ್ಟು ಮೆಟ್ಟಿಲು ಹತ್ತಿದವರ ತಿಳಿವಳಿಕೆ ಬೇಕು. ಡೆಮೊ ಮಾಡಿದವರಿಗೆ ಕೈಚಳಕ ಇತ್ತು. ಅಕ್ಕನಂಥವರೊಬ್ಬರು ಪಕ್ಕದಲ್ಲಿ ಇರಲಿಲ್ಲ.

ಪುಟ್ಟಿ ಈಗ ಇನ್ನೊಂದು ಚಿತ್ರ ತೆರೆಯುತ್ತಾಳೆ. ಮೈಮೇಲಿನ ಬಟ್ಟೆಯನ್ನು ಬಿಚ್ಚಿ ಚಪ್ಪಟೆಯಾಗಿ ಹರಡಿದ ನಕ್ಷೆ. ಇದರ ಮೇಲೆ ಬಣ್ಣ ಹಚ್ಚಿದರೆ ಅದು ದೇಹದ ಮೇಲೆ ಸುತ್ತಿಕೊಳ್ಳುತ್ತದೆ. ಮುಂಭಾಗ ಒಂದು ಕಡೆ, ಬೆನ್ನು ಒಂದು ಕಡೆ, ತೋಳು ಬೇರೆ. ಅಕ್ಕನ ಮುಖ ಅರಳುತ್ತದೆ.

"ಅಯ್ಯೋ, ಇದು ಕಟಿಂಗ್ ಮಾಡಿಟ್ಟ ಬ್ಲೌಸ್ ಪೀಸ್ ಅಲ್ವೇನೇ!"

ಅಲ್ಲಿಂದ ಮುಂದೆ ಪಾಠ ಹೇಳುವವಳು ಅಕ್ಕ. ಪಕ್ಕದ ಹೊಲಿಗೆಯಲ್ಲಿ ಅಂಚು ಅಂಚಿಗೆ ಕೂಡಬೇಕಾದರೆ ಎರಡೂ ತುಂಡಿನಲ್ಲಿ ಎಲ್ಲಿ ಗುರುತು ಹಾಕಬೇಕು, ಕಂಕುಳಿನ ತಿರುವಿನಲ್ಲಿ ಚೌಕಳಿ ಯಾಕೆ ಸೊಟ್ಟಗಾಗುತ್ತದೆ, ಬೋಟ್ ನೆಕ್ಕಿಗೆ ಭುಜದ ಬಳಿ ಎಷ್ಟು ಬಿಡಬೇಕು. ಪುಟ್ಟಿ ಬರೆದುಕೊಳ್ಳುತ್ತಾಳೆ. ಬಣ್ಣಕ್ಕೆ ಇಳಕಲ್ ಸೀರೆಯನ್ನೇ ಆರಿಸಿದ್ದಾರೆ. ಅದರಲ್ಲೂ ಒಂದು ಅನುಕೂಲ ಸಿಗುತ್ತದೆ. ಇಳಕಲ್ ಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಇಲ್ಲಿ ಒಂದು ಮೆಶ್‌ಗೆ ಎಂಟು ಮೈಗಳವರೆಗೆ ಬೇರೆ ಬೇರೆ ಚಿತ್ರ ಹಾಕಬಹುದು. ಒಡಲಿಗೆ ಒಂದು, ಅಂಚಿಗೆ ಒಂದು, ಕೆಂಪು–ಬಿಳಿಯ ಟೋಪ ತೆನಿ ಸೆರಗಿಗೆ ಇನ್ನೊಂದು. ಅಂಚಿನ ಸಣ್ಣ ತುಂಡನ್ನು ಮರುಕಳಿಸುವಂತೆ ಇಟ್ಟರೆ ಉದ್ದಕ್ಕೂ ಮಸುಕಾಗದೆ ಬರುತ್ತದೆ. "ಕುಚ್ಚು ಮರೀಬೇಡ" ಎಂದು ಹೇಳಿ ಅಕ್ಕ ಮಿಷನ್ನಿಗೆ ಹೋಗುತ್ತಾಳೆ, ಐದು ನಿಮಿಷಕ್ಕೆ ಮತ್ತೆ ಬರುತ್ತಾಳೆ.

ಸೀರೆಯ ಪಾಠ ಮುಗಿಯಿತು; ಇನ್ನು ಮನೆ ಕಟ್ಟಲು ಮರಳಂಗಳ. ಬಯಲು, ಅಲ್ಲಲ್ಲಿ ಯಾರೋ ಅರ್ಧ ಕಟ್ಟಿದ ಗೋಪುರ, ಗಾಳಿಯಲ್ಲಿ ತೇಲುವ ಕಾರು. ಪುಟ್ಟಿ ನೆಲದ ಮೇಲೆ ಕ್ಲಿಕ್ ಮಾಡಿದರೆ ಮರದ ಬಣ್ಣದ ಪೆಟ್ಟಿಗೆಯೊಂದು ಹುಟ್ಟುತ್ತದೆ. ಇದನ್ನು ಪ್ರಿಮ್ ಅನ್ನುತ್ತಾರೆ. ಪೆಟ್ಟಿಗೆ, ಕೊಳವೆ, ಗೋಳ, ಉಂಗುರ ಹೀಗೆ ಏಳು ಮೂಲ ಆಕಾರ. ಒಂದೊಂದನ್ನೂ ಒಂದು ಸೆಂಟಿಮೀಟರಿನಿಂದ 64 ಮೀಟರಿನವರೆಗೆ ಎಳೆಯಬಹುದು. ಪೆಟ್ಟಿಗೆಯನ್ನು ಚಪ್ಪಟೆ ಮಾಡಿದರೆ ಜಗಲಿ. ಕೊಳವೆ ನಿಲ್ಲಿಸಿದರೆ ಕಂಬ. ನಾಲ್ಕು ಪೆಟ್ಟಿಗೆ ಸೇರಿದರೆ ತುಳಸಿ ಕಟ್ಟೆ. ರಾಜಾಜಿನಗರದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ, ಪುಟ್ಟಿ ನಮ್ಮ ಅಜ್ಜಿಯ ಮನೆಯಲ್ಲೇ ತೆಗೆದ ಫೋಟೊ ಹಾಕಿದ್ದಾಳೆ. ಬಾಗಿಲ ಮುಂದೆ ಚುಕ್ಕಿ ರಂಗೋಲಿ: ಬಿಳಿ ಎಳೆ ಉಳಿಸಿ ಹಿನ್ನೆಲೆಯನ್ನು ಪಾರದರ್ಶಕ ಮಾಡಿದ ಚಿತ್ರ. ಬಾಗಿಲ ಮೇಲಿನ ಬೋರ್ಡಿಗೆ ಬಾಲೂ ತಮ್ಮ ಎಂಬ ಮುಕ್ತ ಕನ್ನಡ ಅಕ್ಷರಶೈಲಿ. ಸಾಧಾರಣ ಗಾತ್ರದ ಒಂದು ಚಿತ್ರ ಒಳಗೆ ತರಲು ಇಲ್ಲಿಯ ಹಣದಲ್ಲಿ ಹತ್ತು ಲಿಂಡನ್ ಡಾಲರ್, ನಮ್ಮ ಮೂರು–ನಾಲ್ಕು ರೂಪಾಯಿ.

ಬಾಗಿಲು ತೆರೆಯಬೇಕಾದರೆ ಅದಕ್ಕೆ ಬುದ್ಧಿ ಹೇಳಿಕೊಡಬೇಕು. ಲಿಂಡನ್ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಹೊಸ ಸ್ಕ್ರಿಪ್ಟ್ ತೆರೆದರೆ ಒಂದು ಮಾದರಿ ಆಗಲೇ ಸಿದ್ಧವಿರುತ್ತದೆ, "ಹಲೋ, ಅವತಾರ್!" ಎಂದು ಹೇಳುವುದು ಅದರ ಮೊದಲ ಕೆಲಸ. ಪುಟ್ಟಿ ಆ ಸಾಲು ತೆಗೆದು, ಮುಟ್ಟಿದಾಗ ಬಾಗಿಲು ತಿರುಗುವಂತೆ ಬರೆಯುತ್ತಾಳೆ. ಮೊದಲ ಸಲ ಬಾಗಿಲು ನಡುಮಧ್ಯದಲ್ಲಿ ಗಿರಗಿಟ್ಲೆಯಾಗಿ ತಿರುಗುತ್ತದೆ. ಪ್ರಿಮ್ ತಿರುಗುವುದು ತನ್ನ ನಡುವಿನ ಸುತ್ತ. ಅವಳು ಪೆಟ್ಟಿಗೆಯ ಅರ್ಧವನ್ನು ಕತ್ತರಿಸಿ ಅಂಚನ್ನೇ ನಡುವಾಗಿಸುತ್ತಾಳೆ. ಈಗ ಕೀಲಿಗೆ ಹಾಕಿದಂತೆ ತೆರೆದುಕೊಳ್ಳುತ್ತದೆ.

ಅಪರಿಚಿತ ಅವತಾರವೊಂದು ಬಂದು ರಂಗೋಲಿಯ ಮುಂದೆ ನಿಲ್ಲುತ್ತದೆ. ಈ ಬಿಳಿ ಗೆರೆ ಏನೆಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಪುಟ್ಟಿ ಹೇಳುತ್ತಾಳೆ: ದಿನ ಬೆಳಗಾದರೆ ಬಾಗಿಲಿಗೆ ನೀರು ಹಾಕಿ ಇಡುತ್ತೇವೆ, ಚುಕ್ಕಿ ಮೊದಲು, ಎಳೆ ಆಮೇಲೆ. ನನಗೊಂದು ಕೊಡುತ್ತೀಯಾ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಪ್ರತಿ ವಸ್ತುವಿಗೂ ಮೂರು ಅನುಮತಿ ಉಂಟು: ನಕಲು ಮಾಡಬಹುದೇ, ಬದಲಾಯಿಸಬಹುದೇ, ಬೇರೆಯವರಿಗೆ ಕೊಡಬಹುದೇ. ಪುಟ್ಟಿ ಮೂರಕ್ಕೂ ಟಿಕ್ ಹಾಕಿ ರಂಗೋಲಿಯನ್ನು ಕೊಡುತ್ತಾಳೆ. ಅದು ಇನ್ನು ಯಾವ ಊರಿನ ಯಾವ ಮನೆಯ ಮುಂದೆ ಬಿದ್ದರೂ ಮಾಡಿದವರ ಜಾಗದಲ್ಲಿ ಬಸವೇಶ್ವರನಗರದ ಈ ಹುಡುಗಿಯ ಹೆಸರಿರುತ್ತದೆ.

ನನಗೆ ಎದೆ ತುಂಬಿ ಬಂದದ್ದು ಆಗ. ಹೆಸರಿನ ಜೊತೆ ನಮ್ಮ ಭಾಷೆಯೂ ಇಲ್ಲಿಗೆ ಬರಬಹುದಲ್ಲ! ಈ ಜಗತ್ತನ್ನು ನೋಡುವ ತಂತ್ರಾಂಶದ ಮೂಲ ಸಂಕೇತವನ್ನು ಲಿಂಡನ್ ಲ್ಯಾಬ್ 2007ರ ಜನವರಿಯಲ್ಲೇ ಮುಕ್ತವಾಗಿ ಬಿಟ್ಟುಕೊಟ್ಟಿದೆ. ಅದರಿಂದಲೇ ಫೈರ್‌ಸ್ಟಾರ್ಮ್‌ನಂಥ, ಬಳಕೆದಾರರೇ ಬೆಳೆಸಿದ ವ್ಯೂವರ್‌ಗಳು ಹುಟ್ಟಿದವು. ಈ ವ್ಯೂವರ್‌ಗಳ ಮೆನುಗಳ ಪಠ್ಯ ಭಾಷೆಗೊಂದು ಕಡತಕೋಶದಲ್ಲಿ ಕೂತಿದೆ: ಜರ್ಮನ್, ಜಪಾನಿ, ಟರ್ಕಿ, ಪೋಲಿಷ್. ಕನ್ನಡದ ಕೋಶ ಇಲ್ಲ. ಫೈರ್‌ಫಾಕ್ಸ್ ಬ್ರೌಸರನ್ನು ಕನ್ನಡಕ್ಕೆ ತಂದದ್ದು ಸ್ವಯಂಸೇವಕರೇ. ಆ ಅನುಭವ ನಮ್ಮಲ್ಲಿದೆ. ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯ ತಂಡ 2021ರಿಂದ ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲನ್ನು ಕಂಪ್ಯೂಟರಿಗೆ ತರುವ ಕಸುಬೂ ನಮ್ಮಲ್ಲಿದೆ. ವಿಜಯನಗರದಿಂದ ಕೆಂಗೇರಿವರೆಗೆ ನೇರಳೆ ಮೆಟ್ರೊದಲ್ಲಿ ಕೂತು ನೋಡಿ: ಕೋಡ್ ಬರೆಯುವ ಹುಡುಗರು, ಕುಚ್ಚು ಕಟ್ಟುವ ಹೆಂಗಸರು, ಬೋರ್ಡ್ ವಿನ್ಯಾಸ ಮಾಡುವವರು ಒಂದೇ ಬೋಗಿಯಲ್ಲಿರುತ್ತಾರೆ. ಒಬ್ಬರಿಗೊಬ್ಬರ ಪರಿಚಯವಿಲ್ಲ, ಅಷ್ಟೇ ಕೊರತೆ.

ಮರಳಂಗಳದಲ್ಲಿ ಕಟ್ಟಿದ್ದು ಉಳಿಯುವುದಿಲ್ಲ. ಕೆಲವು ಗಂಟೆಗೆ ಜಾಗ ತೆರವಾಗಿ, ಪುಟ್ಟಿಯ ಜಗಲಿ, ಕಂಬ, ಬಾಗಿಲು ಅವಳ ಸಾಮಾನಿನ ಪಟ್ಟಿಗೆ ಮರಳುತ್ತವೆ. ಅವು ನಿಲ್ಲಬೇಕಾದರೆ ನಾಲ್ಕಾರು ಜನ ಸೇರಿ ನೆಲ ಹಿಡಿಯಬೇಕು. ಅಲ್ಲಿ ಎಂಥ ಬೀದಿ ಇರಬೇಕು, ಬೋರ್ಡು ಯಾವ ಭಾಷೆಯಲ್ಲಿರಬೇಕು, ಸೀರೆಯ ನೆರಿಗೆ ಯಾವ ಕಡೆ ತಿರುಗಬೇಕು ಎಂಬುದನ್ನು ಕಂಪನಿ ತೀರ್ಮಾನಿಸುವುದಿಲ್ಲ, ಕಟ್ಟುವವರು ತೀರ್ಮಾನಿಸುತ್ತಾರೆ. ನಾವು ಹೋಗದಿದ್ದರೆ ನಮ್ಮ ಸೀರೆಯನ್ನು ಬೇರೆಯವರು ತಮಗೆ ತೋಚಿದಂತೆ ಉಡಿಸುತ್ತಾರೆ, ತಪ್ಪು ಅವರದಲ್ಲ. ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟಿ ರಾತ್ರಿ ಹೊತ್ತು ಪರದೆಯ ಮುಂದೆ ಕೂತಿರಬಹುದು. ಬೈಯುವ ಮೊದಲು ಅವಳ ಪಕ್ಕ ಕೂತು, ಏನು ಕಟ್ಟುತ್ತಿದ್ದೀಯ ಎಂದು ಕೇಳಿ. ನಿಮ್ಮ ಕೈಗೆ ಗೊತ್ತಿರುವ ಯಾವುದೋ ಒಂದು ಕೆಲಸ ಅವಳಿಗೆ ಅಲ್ಲಿ ಖಂಡಿತ ಬೇಕಾಗಿರುತ್ತದೆ.